ವಿಷದ ಡಬ್ಬಿ ತರುವ ಚಾಲಕರಿಗೆ ನಾಲ್ಕು ಮಾತು

(ಲಾರಿ, ಟೆಂಪೊ ಚಾಲಕರ ಕೂಟದಲ್ಲಿ ಮಾಡಿದ ಭಾಷಣ)



ಬೆಳೆಗೆ ಔಷಧಿ ಹೊಡೆಯುವಾಗ ಮೈಮೇಲೆ ಎಚ್ಚರವಿರಲಿ ಎಂದು ರೈತರಿಗೆ ಎಷ್ಟೋ ಸಲ ಹೇಳಿದ್ದೇವೆ. ಆ ಔಷಧಿಯನ್ನು ಪೇಟೆಯಿಂದ ಹಳ್ಳಿಗೆ ತರುವ ಚಾಲಕರಿಗೆ ಮಾತ್ರ ಏನೂ ಹೇಳಿಲ್ಲ. "ನಾನು ಡಬ್ಬಿಯ ಮುಚ್ಚಳ ತೆರೆಯುವುದೇ ಇಲ್ಲ, ನನಗೇನು ಭಯ?" ಎಂದು ನೀವೂ ಸುಮ್ಮನಿದ್ದೀರಿ. ಭಯಕ್ಕೆ ಕಾರಣವಿದೆ.

ಔಷಧಿ ಎಂದು ನಾವು ಕರೆದರೂ ಅದು ವಿಷವೇ. ಹೊಲದಲ್ಲಿ ಅದಕ್ಕೆ ನೀರು ಬೆರೆಸುತ್ತಾರೆ. ನಿಮ್ಮ ಗಾಡಿಯಲ್ಲಿರುವುದು ನೀರು ಬೆರೆಸದ ವಿಷ. ಅದು ಬಾಯಿಂದಲೇ ಒಳಗೆ ಹೋಗಬೇಕೆಂದಿಲ್ಲ. ಉಸಿರಿನೊಡನೆ ಹೋಗುತ್ತದೆ, ಚರ್ಮದೊಳಗೂ ಇಳಿಯುತ್ತದೆ. ಸೋರುವ ಡಬ್ಬಿಯನ್ನು ಹೆಗಲ ಮೇಲೆ ಹೊತ್ತು, ನೆನೆದ ಅಂಗಿಯನ್ನೇ ಸಂಜೆಯವರೆಗೆ ತೊಟ್ಟಿದ್ದರೆ, ವಿಷವನ್ನು ಅಷ್ಟು ಹೊತ್ತೂ ಕುಡಿದಂತೆಯೇ ಸರಿ.

ಈ ಅಪಾಯ ಚಾಲಕನೊಬ್ಬನಿಗೇ ಅಲ್ಲ. 1958ರಲ್ಲಿ ಕೇರಳದಲ್ಲಿ ಪಾರಾಥಿಯಾನ್ ಎಂಬ ಕೀಟನಾಶಕ ಸೋಂಕಿದ ಗೋಧಿ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹಿಟ್ಟಿಗೆ ವಿಷವನ್ನು ಯಾರೂ ಬೇಕೆಂದು ಹಾಕಿರಲಿಲ್ಲ. ಸಾಗಣೆಯ ವೇಳೆಯಲ್ಲಿ ಅದು ತಗುಲಿತ್ತು. ಮುಂದೆ 1968ರಲ್ಲಿ ಕೀಟನಾಶಕ ಕಾಯಿದೆಯೂ 1971ರಲ್ಲಿ ಅದರ ನಿಯಮಗಳೂ ಬಂದವು. ಆಹಾರಕ್ಕಾಗಲಿ ದನದ ಮೇವಿಗಾಗಲಿ ತಾಗುವಂತೆ ಕೀಟನಾಶಕವನ್ನು ಸಾಗಿಸಕೂಡದು, ದಾರಿಯಲ್ಲಿ ಸೋರಿದರೆ ಸಾಗಿಸುವವರೇ ಕೂಡಲೇ ತಡೆಯತಕ್ಕದ್ದು ಎಂದು ಆ ನಿಯಮಗಳು ಹೇಳುತ್ತವೆ. ಒಂದೇ ಬಾಡಿಗೆಯಲ್ಲಿ ಅಕ್ಕಿ ಮೂಟೆ, ಹಿಂಡಿ ಚೀಲ, ವಿಷದ ಪೆಟ್ಟಿಗೆ ಎಲ್ಲವೂ ಬರಲಿ ಎಂದು ವರ್ತಕರು ಒತ್ತಾಯಿಸಬಹುದು. ಒಪ್ಪಬೇಡಿ.

ಓದಲು ಬಾರದವರೂ ಡಬ್ಬಿಯ ಮೇಲಿನ ಬಣ್ಣವನ್ನು ಗುರುತಿಸಬಹುದು. ಚೀಟಿಯ ಮೇಲಿನ ವಜ್ರಾಕಾರದ ಗುರುತಿನ ಕೆಳಭಾಗವನ್ನು ನೋಡಿ. ಕೆಂಪಿದ್ದರೆ ಅತಿ ಘೋರ ವಿಷ. ಅದರಲ್ಲಿ ತಲೆಬುರುಡೆಯ ಚಿತ್ರವೂ ಇರುತ್ತದೆ. ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರೆಂದು ಉದಾಸೀನ ಮಾತ್ರ ಬೇಡ.

ಇನ್ನು ಮಾಡಬೇಕಾದ ಕೆಲಸ. ಹೇರುವ ಮುಂಚೆ ಒಂದೊಂದು ಡಬ್ಬಿಯನ್ನೂ ನೋಡಿ. ಸೋರುವುದನ್ನು ಅಂಗಡಿಯಲ್ಲೇ ಬಿಡಿ. ಗಾಡಿಯ ತಳದಲ್ಲಿ ಮೊಳೆ ಎದ್ದಿದ್ದರೆ ಬಡಿಯಿರಿ. ಪೆಟ್ಟಿಗೆ ಉರುಳದಂತೆ ಬಿಗಿಯಾಗಿ ಕಟ್ಟಿ. ನೀವು ಕೂರುವ ಕಡೆ ಡಬ್ಬಿ ಇಡಬೇಡಿ. ಇವುಗಳಲ್ಲಿ ಕೆಲವು ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತವೆ, ಆದಕಾರಣ ಬೀಡಿ ಹಚ್ಚಕೂಡದು. ಕೈಗೆ ರಬ್ಬರು ಚೀಲವಿರಲಿ. ಗಾಡಿಯಲ್ಲಿ ನೀರು, ಸಾಬೂನು, ಒಂದು ಜೊತೆ ಬಟ್ಟೆ, ಒಂದು ಚೀಲ ಒಣಮಣ್ಣು ಇರಲಿ. ಚೆಲ್ಲಿದ ವಿಷದ ಮೇಲೆ ಮಣ್ಣು ಸುರಿದು ಹೀರಿಸಿ, ಅದನ್ನು ಬೇರೆಯಾಗಿ ತುಂಬಿಡಿ. ಅಂಥ ಗಾಡಿಯನ್ನು ಕೆರೆಗೆ ಇಳಿಸಿ ತೊಳೆಯಬೇಡಿ. ಊರಿನ ದನ ಕುಡಿಯುವ ನೀರು ಅದೇ.

ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಸಾಬೂನು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಹರಿಸಿ. ತಲೆನೋವು, ವಾಕರಿಕೆ, ಅತಿ ಬೆವರು, ಬಾಯಲ್ಲಿ ಜೊಲ್ಲು, ಮಂಜಾದ ದೃಷ್ಟಿ, ಇವು ಕಂಡರೆ ಬಿಸಿಲಿನ ಆಯಾಸವೆಂದು ಮಲಗಬೇಡಿ, ಗಾಡಿಯನ್ನೂ ಓಡಿಸಬೇಡಿ. 108ಕ್ಕೆ ಕರೆ ಮಾಡಿ. ಡಬ್ಬಿಯ ಚೀಟಿಯನ್ನು ಆಸ್ಪತ್ರೆಗೆ ಒಯ್ಯಿರಿ. ಯಾವ ವಿಷವೆಂದು ತಿಳಿದರೆ ವೈದ್ಯರ ಕೆಲಸ ಬೇಗ ಆಗುತ್ತದೆ.

ಸಂಜೆ ಮನೆಗೆ ಹೋದಾಗ ಮಗು ಓಡಿ ಬಂದು ಅಪ್ಪಿಕೊಳ್ಳುತ್ತದೆ. ಅದಕ್ಕೆ ಮುಂಚೆ ಸ್ನಾನವಾಗಲಿ. ಆ ಅಂಗಿಯನ್ನು ಮನೆಯವರ ಬಟ್ಟೆಯೊಡನೆ ಸೇರಿಸದೆ ಬೇರೆಯಾಗಿ ಒಗೆಯಿರಿ. ಬಾಡಿಗೆ ನಾಳೆಯೂ ಸಿಕ್ಕೀತು, ಜೀವ ಸಿಕ್ಕದು.