ಹುಳುವಿನ ಹೆಸರು

(ಬಾನುಲಿ ಭಾಷಣ)



ಆಸ್ಟ್ರೇಲಿಯಾದಲ್ಲಿರುವ ಮಗನ ಮನೆಗೆ ಹೊರಟಾಗ ನಮ್ಮ ಮನೆಯವರು ಒಂದಿಷ್ಟು ಅಕ್ಕಿ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿಗಳನ್ನು ಗಂಟು ಕಟ್ಟಿದ್ದರು. ಮಗ ದೂರವಾಣಿಯಲ್ಲಿ, "ಅಮ್ಮಾ, ಅದೊಂದನ್ನೂ ತರಬೇಡ" ಎಂದ. ಕಾರಣ ಕೇಳಿದರೆ, ಒಂದು ಹುಳು! ಆ ಹುಳುವಿನ ಭಯದಿಂದ ಆ ದೇಶವು 2020ರಲ್ಲಿ ಪ್ರಯಾಣಿಕರು ಇಂಥ ಪದಾರ್ಥಗಳನ್ನು ತರುವುದನ್ನು ನಿಷೇಧಿಸಿತು.

ಹುಳುವಿನ ಹೆಸರು ಖಪ್ರಾ. ಹಿಂದಿಯಲ್ಲಿ ಹೆಂಚು ಎಂಬರ್ಥದ ಶಬ್ದ. ಗೋಡೆಯ, ಇಟ್ಟಿಗೆಯ ಸಂದುಗಳಲ್ಲಿ ಅಡಗುವ ಸ್ವಭಾವದಿಂದ ಆ ಹೆಸರು ಬಂದಿತೆನ್ನುತ್ತಾರೆ. ಸಂಸ್ಕೃತದ ಕರ್ಪರ ಕನ್ನಡದಲ್ಲಿ ಕಪ್ಪರವಾದದ್ದನ್ನು ಬಲ್ಲವರಿಗೆ ಈ ಶಬ್ದ ದೂರದ ನೆಂಟನೆಂದು ತೋರದಿರದು. ಹುಳುವಿನ ತವರೂ ನಮ್ಮ ಭಾರತವೇ ಎಂದು ಕೀಟಶಾಸ್ತ್ರಜ್ಞರ ನಂಬಿಕೆ. ಎರಡು ಮೂರು ಮಿಲಿಮೀಟರ್ ಉದ್ದದ ಈ ಕಂದು ದುಂಬಿ ಹಾರಲಾರದು. ಆದರೆ ಅದರ ರೋಮಭರಿತ ಮರಿಹುಳು ಆಹಾರವಿಲ್ಲದೆ ವರ್ಷಗಟ್ಟಲೆ ಸಂದಿಯಲ್ಲಿ ಮಲಗಿರಬಲ್ಲದು. ಕಾಳು ಸಿಕ್ಕಿತೋ, ಉಗ್ರಾಣವನ್ನೇ ಹೊಟ್ಟುಮಾಡಬಲ್ಲದು. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಇದು 1953ರಲ್ಲಿ ಪತ್ತೆಯಾಯಿತು. ನಿರ್ಮೂಲವಾಗುವ ವೇಳೆಗೆ 1966 ಬಂದಿತ್ತು.

ಆಸ್ಟ್ರೇಲಿಯಾ ಗೋಧಿಯನ್ನು ಹೊರದೇಶಗಳಿಗೆ ಮಾರಿ ಬದುಕುವ ನಾಡು. ಖಪ್ರಾ ಅಲ್ಲಿ ನೆಲಸಿತೆಂದು ತಿಳಿದರೆ ಕೊಳ್ಳುವ ದೇಶಗಳು ಬಾಗಿಲು ಮುಚ್ಚುತ್ತವೆ. ಹಾಗೆಂದು ಕಂಡ ಹುಳುವನ್ನೆಲ್ಲ ಖಪ್ರಾ ಎನ್ನುವಂತಿಲ್ಲ. ಅದರ ಕುಲಬಾಂಧವರು ಹಲವರು ಆ ನೆಲದಲ್ಲೇ ಹುಟ್ಟಿದವರು; ಉಗ್ರಾಣದ ದುಂಬಿ ಎಂಬ ಇನ್ನೊಬ್ಬ ಸೋದರನು ಹೊರಗಿನಿಂದ ಬಂದು ಅಲ್ಲಿ ನೆಲಸಿ ದಶಕಗಳಾದವು. ಮರಿಹುಳುಗಳಾಗಿದ್ದಾಗ ಇವರ ನಡುವಣ ಭೇದವನ್ನು ಕಾಣಬೇಕಾದರೆ ಬಾಯಿಯ ಭಾಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಡಬೇಕು. ಬಂದರಿನ ಅಧಿಕಾರಿಯ ಕೈಗೆ ಸಿಗುವುದೋ, ಅನೇಕ ವೇಳೆ, ಹರಿದ ಒಂದು ಪೊರೆ ಮಾತ್ರ!

ಇಲ್ಲಿ ಹೆಸರು ತಪ್ಪಿದರೆ ಪರಿಣಾಮ ಸಣ್ಣದಲ್ಲ. ನಿರಪರಾಧಿಗೆ ಅಪರಾಧಿಯ ಹೆಸರಿಟ್ಟರೆ ಯಾರೋ ವರ್ತಕನ ಸರಕು ವಿಷಾನಿಲಕ್ಕೆ ಒಳಗಾಗುತ್ತದೆ, ಇಲ್ಲವೆ ಮರಳಿ ಹಡಗನ್ನೇರುತ್ತದೆ. ಅಪರಾಧಿಗೆ ನಿರಪರಾಧಿಯ ಹೆಸರಿಟ್ಟರೆ ರೈತನ ಕಣಜಕ್ಕೇ ಕುತ್ತು. 2007ರಲ್ಲಿ ಪರ್ತ್ ನಗರದಲ್ಲಿ, ಹೊಸದಾಗಿ ವಲಸೆ ಬಂದವರ ಮನೆಯೊಂದರಲ್ಲಿ ಖಪ್ರಾ ಕಂಡುಬಂದಾಗ ಇಡೀ ಮನೆಗೇ ಹೊದಿಕೆ ಹೊದಿಸಿ ಮೀಥೈಲ್ ಬ್ರೋಮೈಡ್ ಅನಿಲ ತುಂಬಿದರು. ಒಂದು ಸಂಸಾರದ ಮನೆಗೆ ಹಾಗೆ ಮಾಡಬೇಕಾದರೆ ಹುಳುವಿನ ಹೆಸರಿನಲ್ಲಿ ಎಳ್ಳಷ್ಟೂ ಸಂದೇಹವಿರಬಾರದಷ್ಟೆ.

ಈ ಸಂದೇಹವನ್ನು ನೀಗಲು ಒದಗಿರುವುದೇ ಡಿ.ಎನ್.ಎ. ಪರೀಕ್ಷೆ. ಜೀವಕೋಶದಲ್ಲಿರುವ ಈ ಬರಹದ ಅಕ್ಷರಗಳು ನಾಲ್ಕೇ. ಒಂದು ಕಾಲಿನಿಂದಲೋ ಪೊರೆಯ ಚೂರಿನಿಂದಲೋ ಅದನ್ನು ಬೇರ್ಪಡಿಸಿ, ಬೇಕಾದ ಭಾಗವನ್ನು ಲಕ್ಷೋಪಲಕ್ಷ ಪ್ರತಿಗಳಾಗಿ ಮಾಡಿ ಓದುತ್ತಾರೆ. ಪ್ರಾಣಿಗಳೆಲ್ಲದರಲ್ಲೂ ಇರುವ ಒಂದು ವಂಶವಾಹಿಯ ಸುಮಾರು 650 ಅಕ್ಷರಗಳ ತುಣುಕಿನಿಂದ ಜೀವಜಾತಿಗಳನ್ನು ಗುರುತಿಸಬಹುದೆಂದು ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಸೂಚಿಸಿದರು.

ಓಲೆಗರಿಗಳೊಡನೆ ಆಯುಸ್ಸು ಕಳೆದ ನನಗೆ ಇದು ಅಪರಿಚಿತವೆನಿಸಲಿಲ್ಲ. ಆದಿ ಅಂತ್ಯಗಳಿಲ್ಲದ ಒಂದು ಗರಿ ಸಿಕ್ಕಿದರೂ ನಾಲ್ಕು ಪಂಕ್ತಿಗಳಿಂದ ಇದು ಇಂಥ ಕಾವ್ಯವೆಂದು ಹೇಳಬಹುದು. ಆದರೆ ಯಾವಾಗ? ಆ ಕಾವ್ಯವನ್ನು ಮೊದಲೇ ಯಾರೋ ಓದಿ, ಕವಿ ಯಾರೆಂದು ನಿಶ್ಚಯಿಸಿ, ಪಟ್ಟಿಯಲ್ಲಿ ಸೇರಿಸಿದ್ದಾಗ. ಹುಳುವಿನ ವಿಷಯವೂ ಅಷ್ಟೆ. ಯಂತ್ರವು ಓದುವುದು ಅಕ್ಷರಗಳನ್ನು. ಹೆಸರು ಅದಕ್ಕೆ ತಿಳಿಯದು. ಓದಿದ್ದನ್ನು ಹೋಲಿಸಿ ನೋಡಲು, ಬಲ್ಲವರು ಗುರುತಿಸಿಟ್ಟ ಮಾದರಿಗಳ ಬರಹ ಬೇಕು. ಆ ಭಂಡಾರದಲ್ಲಿ ಮೊದಲ ಹೆಸರೇ ತಪ್ಪಾಗಿದ್ದರೆ ಮುಂದಿನ ಉತ್ತರಗಳೂ ತಪ್ಪೇ. ಹಾಗೆ ತಪ್ಪು ಹೆಸರು ಹೊತ್ತ ದಾಖಲೆಗಳು ಈ ಭಂಡಾರಗಳಲ್ಲಿ ಇಲ್ಲದಿಲ್ಲ.

ಇನ್ನೊಂದು ಮಾತು. ಪೊರೆಯ ಡಿ.ಎನ್.ಎ. ಹುಳು ಇಲ್ಲಿತ್ತೆಂದು ಹೇಳುತ್ತದೆ, ಇದೆಯೆಂದಲ್ಲ. ಪೊರೆ ಕಳಚಿ ವರ್ಷಗಳಾಗಿರಬಹುದು. ಹುಳು ಸತ್ತಿರಬಹುದು, ಪಕ್ಕದ ಸಂದಿನಲ್ಲಿ ಉಸಿರಾಡುತ್ತಲೂ ಇರಬಹುದು. ಅದನ್ನು ತಿಳಿಯಲು ದೀಪ ಹಿಡಿದು ಮೂಲೆಮೂಲೆಗೆ ಬಗ್ಗಿ ನೋಡುವ ಮನುಷ್ಯನೇ ಬೇಕು.

ಆದುದರಿಂದ ಈ ಪರೀಕ್ಷೆ ಬಂದಿತೆಂದು, ಪೆಟ್ಟಿಗೆಗಳಲ್ಲಿ ಕೀಟಗಳನ್ನು ಸೂಜಿಗೆ ಚುಚ್ಚಿಟ್ಟು ಬಾಳೆಲ್ಲ ಭೂತಗನ್ನಡಿಯ ಮುಂದೆ ಕೂತ ಪಂಡಿತರ ಕಾಲ ಮುಗಿಯಿತೆಂದು ಭಾವಿಸುವುದು ಸಲ್ಲದು. ನಿಘಂಟನ್ನು ಮುದ್ರಿಸುವ ಯಂತ್ರ ಬಂದಿತೆಂದು ನಿಘಂಟುಕಾರನನ್ನು ಮನೆಗೆ ಕಳಿಸುವುದುಂಟೆ? ಅಂಥವರ ಬಳಿ ಕುಳಿತು ಕಲಿಯುವ ತರುಣರು ಬೇಕು. ನಮ್ಮ ಭಾಷೆಯ ಹೆಸರು ಹೊತ್ತ ಹುಳುವೇ ಪರರ ಗಡಿಯಲ್ಲಿ ಭಯ ಹುಟ್ಟಿಸುತ್ತಿರುವಾಗ, ಆ ವಿದ್ಯೆಯನ್ನು ಉಳಿಸಿಕೊಳ್ಳುವ ಹೊಣೆ ನಮಗೂ ಇದೆ.

ನಮ್ಮ ಮನೆಯವರು ಗಂಟನ್ನು ಬಿಚ್ಚಿ, ಕೊತ್ತಂಬರಿಯನ್ನು ಮರಳಿ ಡಬ್ಬಿಗೆ ಸುರಿದರು. ಸುರಿಯುವ ಮುನ್ನ ಮೊರದಲ್ಲಿ ಹರಡಿ, ಕನ್ನಡಕವಿಟ್ಟುಕೊಂಡು ಒಮ್ಮೆ ನೋಡಿದರು. ಹುಳುವೇನೂ ಇರಲಿಲ್ಲ. ನೋಡಿದ್ದು ಮಾತ್ರ ಒಳ್ಳೆಯದೇ ಆಯಿತು.