ಗಾಜಿನ ಕೆಲಸಗಾರ ಕಂಡ ಕಪ್ಪು ಗೆರೆಗಳು



ಅಗ್ಗದ ದುರ್ಬೀನಿನಲ್ಲಿ ಚಂದ್ರನನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಬಿಂಬದ ಅಂಚಿಗೆ ನೀಲಿಯೋ ಕೆಂಪೋ ಬಣ್ಣ ತೆಳುವಾಗಿ ಅಂಟಿಕೊಂಡಿರುತ್ತದೆ. ಅದು ಚಂದ್ರನ ಬಣ್ಣವಲ್ಲ, ಮಸೂರದ ದೋಷ. ಗಾಜು ನೀಲಿ ಬೆಳಕನ್ನು ಹೆಚ್ಚಾಗಿ, ಕೆಂಪು ಬೆಳಕನ್ನು ಕಡಿಮೆಯಾಗಿ ಬಾಗಿಸುವುದರಿಂದ ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಸ್ಟುಡಿಯೋದಲ್ಲಿ ಕ್ಯಾಮೆರಾದೊಂದಿಗೆ ಏಗುವ ನಮ್ಮಂಥವರಿಗೂ ಇದು ಹಳೆಯ ಪರಿಚಯ.

ಇದಕ್ಕೆ ಉಪಾಯ 18ನೆಯ ಶತಮಾನದಲ್ಲೇ ಸಿಕ್ಕಿತ್ತು. ಕ್ರೌನ್ ಗಾಜಿನ ಪೀನ ಮಸೂರಕ್ಕೆ ಸೀಸ ಬೆರೆತ ಫ್ಲಿಂಟ್ ಗಾಜಿನ ನಿಮ್ನ ಮಸೂರವನ್ನು ಜೋಡಿಸಿದರೆ, ಒಂದು ಚದುರಿಸಿದ ಬಣ್ಣಗಳನ್ನು ಇನ್ನೊಂದು ಮತ್ತೆ ಕೂಡಿಸುತ್ತದೆ. ಲಂಡನ್ನಿನ ಜಾನ್ ಡಾಲಂಡ್ 1758ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆದರೆ ದೊಡ್ಡ ಮಸೂರಕ್ಕೆ ತಕ್ಕ ಗಾಜೇ ಸಿಗುತ್ತಿರಲಿಲ್ಲ. ಫ್ಲಿಂಟ್ ಗಾಜು ಒಂದೇ ಹದವಾಗಿ ಬೆರೆಯುತ್ತಿರಲಿಲ್ಲ. ಸಕ್ಕರೆ ಪಾಕವನ್ನು ನೀರಿಗೆ ಸುರಿದಾಗ ಕಾಣುವಂಥ ಎಳೆಗಳು ಅದರೊಳಗೆ ಉಳಿದುಬಿಡುತ್ತಿದ್ದವು. ಕರಗಿದ ಗಾಜನ್ನು ಸುಟ್ಟ ಜೇಡಿಮಣ್ಣಿನ ಕೋಲಿನಿಂದ ಕಲಕಿ ಈ ಎಳೆಗಳನ್ನು ಹೋಗಲಾಡಿಸಿದವನು ಸ್ವಿಟ್ಜರ್ಲೆಂಡಿನ ಪಿಯರ್ ಲೂಯಿ ಗಿನಾನ್. ಬವೇರಿಯಾದ ಬೆನೆಡಿಕ್ಟ್‌ಬೋಯರ್ನ್ ಎಂಬಲ್ಲಿ, ಹಳೆಯ ಕ್ರೈಸ್ತ ಮಠವೊಂದರಲ್ಲಿ ನಡೆಯುತ್ತಿದ್ದ ಕಾರ್ಖಾನೆಯಲ್ಲಿ, ಈ ವಿದ್ಯೆಯನ್ನು ಆತನಿಂದ ಕಲಿತ ತರುಣನೇ ಜೋಸೆಫ್ ಫ್ರಾನ್‌ಹೋಫರ್.

ಫ್ರಾನ್‌ಹೋಫರ್ ಹುಟ್ಟಿದ್ದು 1787ರಲ್ಲಿ. ತಂದೆ ಕಿಟಕಿಗಳಿಗೆ ಗಾಜು ಕೂರಿಸುವವನು. ಹನ್ನೊಂದನೆಯ ವಯಸ್ಸಿಗೆ ಹುಡುಗ ಅನಾಥನಾಗಿ ಮ್ಯೂನಿಕ್‌ನಲ್ಲಿ ಕನ್ನಡಿ ಮಾಡುವವನೊಬ್ಬನ ಬಳಿ ಕೆಲಸಕ್ಕೆ ಸೇರಿದ. 1801ರಲ್ಲಿ ಆ ಮನೆ ಕುಸಿದುಬಿತ್ತು. ಅವಶೇಷಗಳಡಿಯಿಂದ ಹುಡುಗನನ್ನು ಜೀವಂತವಾಗಿ ತೆಗೆದದ್ದನ್ನು ನೋಡಲು ಬವೇರಿಯಾದ ದೊರೆಯೇ ಬಂದಿದ್ದ, ಹಣವನ್ನೂ ಕೊಟ್ಟ. ಹುಡುಗ ಆ ಹಣದಲ್ಲಿ ಗಾಜು ಉಜ್ಜುವ ಯಂತ್ರ ಕೊಂಡ!

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡು ಮಸೂರಗಳನ್ನು ಲೆಕ್ಕ ಹಾಕಿ ಜೋಡಿಸಬೇಕಾದರೆ, ಒಂದೊಂದು ಗಾಜೂ ಒಂದೊಂದು ಬಣ್ಣವನ್ನು ಎಷ್ಟೆಷ್ಟು ಬಾಗಿಸುತ್ತದೆ ಎಂಬುದು ನಿಖರವಾಗಿ ತಿಳಿದಿರಬೇಕು. ಆದರೆ ಅಳೆಯುವುದು ಎಲ್ಲಿಂದ? ರೋಹಿತದಲ್ಲಿ ಕೆಂಪು ಎಲ್ಲಿ ಮುಗಿಯಿತು, ಕಿತ್ತಳೆ ಎಲ್ಲಿ ಶುರುವಾಯಿತು ಎಂದು ಯಾರು ಹೇಳಬೇಕು? ಹೊಲಕ್ಕೆ ಬದುವೇ ಇಲ್ಲದಂಥ ಸ್ಥಿತಿ. ದೀಪದ ಜ್ವಾಲೆಯ ಬೆಳಕನ್ನು ಪ್ರಿಸಂ ಮೂಲಕ ನೋಡಿದಾಗ ಆತನಿಗೆ ಹಳದಿಯಲ್ಲಿ ಒಂದು ಪ್ರಕಾಶಮಾನವಾದ ಗೆರೆ ಕಂಡಿತು. ಬಿಸಿಲಿನಲ್ಲೂ ಅದಿದೆಯೇ ಎಂದು ಹುಡುಕಿದ. ಕಿರಿದಾದ ಸೀಳಿನಿಂದ ಕತ್ತಲ ಕೋಣೆಗೆ ಬಿಸಿಲು ಬಿಟ್ಟು, ಪ್ರಿಸಂ ಇಟ್ಟು, ಥಿಯೋಡೊಲೈಟಿನ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ಹೊಳೆಯುವ ಗೆರೆಯ ಬದಲು ಕಪ್ಪು ಗೆರೆಗಳು, ಒಂದೆರಡಲ್ಲ, ನೂರಾರು! 1802ರಲ್ಲೇ ವೊಲ್ಲಾಸ್ಟನ್ ಇಂಥ ಕೆಲವನ್ನು ಕಂಡು ಅಷ್ಟಕ್ಕೇ ಬಿಟ್ಟಿದ್ದ. ಫ್ರಾನ್‌ಹೋಫರ್ 1814ರಲ್ಲಿ 574 ಗೆರೆಗಳನ್ನು ಗುರುತಿಸಿದ. ಮುಖ್ಯವಾದವಕ್ಕೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟ. ನಿಮ್ಮ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸೋಡಿಯಂ ದೀಪದ ಡಿ ಗೆರೆ ಎನ್ನುತ್ತೀರಲ್ಲ, ಆ 'ಡಿ' ಇದೇ. ಗೆರೆಗಳು ಏಕಿವೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1859ರಲ್ಲಿ, ಕಿರ್ಖಾಫ್ ಮತ್ತು ಬುನ್ಸೆನ್ ಅವರಿಂದ. ಫ್ರಾನ್‌ಹೋಫರನಿಗೆ ಅವು ಬಣ್ಣಗಳ ನಡುವೆ ನೆಟ್ಟ ಗಡಿಕಲ್ಲುಗಳು. ಕೆಲಸಕ್ಕೆ ಅಷ್ಟು ಸಾಕಿತ್ತು.

ಅಳತೆಯ ವಿಧಾನವನ್ನು ಆತ ಪ್ರಕಟಿಸಿದ. ಗಾಜು ಕರಗಿಸುವ ವಿಧಾನ ಮಾತ್ರ ಕಾರ್ಖಾನೆಯ ಗುಟ್ಟಾಗಿಯೇ ಉಳಿಯಿತು. ಅದಕ್ಕೆ ಸರಿಸಮನಾದ ಗಾಜು ಮಾಡಲು ಇಂಗ್ಲೆಂಡಿನಲ್ಲಿ ಮೈಕಲ್ ಫ್ಯಾರಡೆಯಂಥವನೇ 1820ರ ದಶಕದಲ್ಲಿ ವರ್ಷಗಟ್ಟಲೆ ಹೆಣಗಿ ಕೊನೆಗೆ ಕೈಬಿಟ್ಟ. ವ್ಯಾಪಾರಕ್ಕೆ ಗುಟ್ಟು ಬೇಕಿತ್ತೇನೋ. ನನಗಂತೂ ಅದು ನಷ್ಟವೆಂದೇ ತೋರುತ್ತದೆ. ಆದರೂ ಆಗ ತಯಾರಿಸಿದ ಭಾರವಾದ ಗಾಜಿನ ತುಂಡೊಂದು ಫ್ಯಾರಡೆಯ ಬಳಿ ಉಳಿದಿತ್ತು. ಬೆಳಕಿನ ಮೇಲೆ ಕಾಂತಶಕ್ತಿಯ ಪರಿಣಾಮವಿದೆ ಎಂದು 1845ರಲ್ಲಿ ಆತ ಕಂಡದ್ದು ಅದರಲ್ಲೇ.

ಫ್ರಾನ್‌ಹೋಫರ್ 1824ರಲ್ಲಿ ದೋರ್ಪಾತ್‌ಗೆ ಕಳುಹಿಸಿದ 24 ಸೆಂಟಿಮೀಟರ್ ಮಸೂರದ ದೂರದರ್ಶಕ ಇಂದಿಗೂ ಅಲ್ಲಿದೆ. ಆ ಊರು ಈಗಿನ ಎಸ್ಟೋನಿಯಾದ ತಾರ್ತು. ಇನ್ನೊಂದು ಉಪಕರಣವನ್ನು ಕೋನಿಗ್ಸ್‌ಬರ್ಗ್‌ನ ಬೆಸೆಲ್‌ಗಾಗಿ ಆತ ಯೋಜಿಸಿದ್ದ. ಅದರ ಮಸೂರವನ್ನು ನಟ್ಟನಡುವೆ ಎರಡು ಹೋಳು ಮಾಡಬೇಕು. ಹೋಳುಗಳನ್ನು ತಿರುಪಿನಿಂದ ಸರಿಸಿದರೆ ಒಂದು ನಕ್ಷತ್ರದ ಬಿಂಬ ಪಕ್ಕದ ನಕ್ಷತ್ರದ ಮೇಲೆ ಬಂದು ಕೂರುತ್ತದೆ. ತಿರುಪಿನ ಅಳತೆ ನೋಡಿದರೆ ಅವೆರಡರ ನಡುವಿನ ಕೋನ ತಿಳಿಯುತ್ತದೆ. ತಿಂಗಳುಗಟ್ಟಲೆ ದುಡಿದು ಮಾಡಿದ ಮಸೂರವನ್ನು ಕತ್ತರಿಸಲು ಎಂಥ ಎದೆ ಬೇಕು, ಯೋಚಿಸಿ. ಅದು ಸಿದ್ಧವಾಗುವ ಮುನ್ನವೇ, 1826ರಲ್ಲಿ, ಕ್ಷಯದಿಂದ ಆತ ತೀರಿಕೊಂಡ. ವಯಸ್ಸು 39. ಉಪಕರಣ 1829ರಲ್ಲಿ ಬೆಸೆಲ್‌ನ ಕೈ ಸೇರಿತು. 1838ರಲ್ಲಿ ಅದರಿಂದಲೇ ಆತ ಸಿಗ್ನಸ್ ಪುಂಜದ 61ನೆಯ ನಕ್ಷತ್ರದ ದೂರವನ್ನು ಅಳೆದ. ಬಂದ ಉತ್ತರ ಸುಮಾರು 10 ಜ್ಯೋತಿರ್ವರ್ಷ. ಇಂದಿನ ಅಳತೆ 11.4.