ಕಚೇರಿಯ ಮಾತು, ಮನೆಯ ಮಾತು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಇಂಗ್ಲಿಷನ್ನು ಬೈಯುವುದು ಬಹು ಸುಲಭವಾದ ಕೆಲಸ. ಅದಕ್ಕಾಗಿ ನಾನು ನಿಂತಿಲ್ಲ. ಹಗಲೆಲ್ಲ ಹೊಟೇಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಇಂಗ್ಲಿಷ್ ಕಲಿತು, ಫೋರ್ಟಿನ ಬ್ಯಾಂಕು, ಕಚೇರಿಗಳಲ್ಲಿ ಕುರ್ಚಿ ಸಂಪಾದಿಸಿದ ಕನ್ನಡಿಗರ ಊರು ಈ ಮುಂಬಯಿ. ಅನ್ನ ಕೊಟ್ಟ ಭಾಷೆಯ ಮೇಲೆ ನನಗೆ ಮುನಿಸಿಲ್ಲ. ನನ್ನ ತಕರಾರು ಇರುವುದು ಈಗ ಬಾಂದ್ರಾ-ಕುರ್ಲಾ ಸಂಕೀರ್ಣದಿಂದ ಅಂಧೇರಿಯವರೆಗೆ ಕಚೇರಿಗಳಲ್ಲಿ ಹಬ್ಬಿರುವ ಒಂದು ಪೊಳ್ಳು ಮಾತಿನ ಮೇಲೆ.

ಪ್ರತಿಯೊಂದು ಕಸುಬಿಗೂ ತನ್ನದೇ ಮಾತು ಬೇಕು, ನಿಜ. ಹೊಟೇಲಿನಲ್ಲಿ ‘ಬೈಟು ಕಾಫಿ’ ಎಂದರೆ ಒಂದು ಕಾಫಿ, ಎರಡು ಲೋಟ. ಮುಂಬಯಿಯ ಗಿರಣಿಗಳಲ್ಲಿ ‘ಬದಲಿ’ ಎಂದರೆ ಕಾಯಂ ಕೆಲಸಗಾರ ಬಾರದ ದಿನ ಮಾತ್ರ ಕೂಲಿ ದೊರೆಯುವವನು. ಈ ಮಾತುಗಳು ಚಿಕ್ಕವು, ಅರ್ಥ ಸ್ಪಷ್ಟ. ಈಗಿನ ಮಾತುಗಳ ರೀತಿ ಬೇರೆ. ರೇಡಿಯೋ ಎಂಜಿನಿಯರರ ‘ಬ್ಯಾಂಡ್‌ವಿಡ್ತ್’ ಈಗ ಮನುಷ್ಯನ ಪುರಸತ್ತಾಗಿದೆ. ಸನ್ನೆಗೋಲಿನಿಂದ ಹುಟ್ಟಿದ ‘ಲೆವರೇಜ್’ ಬರಿಯ ‘ಬಳಸು’ ಎಂಬುದಕ್ಕೆ ಪೇಟ ತೊಡಿಸಿದಂತಾಗಿದೆ. ದುಡಿಯುವ ಮನುಷ್ಯನೇ ‘ರಿಸೋರ್ಸ್’. ಕಲ್ಲಿದ್ದಲು, ಕಬ್ಬಿಣದ ಸಾಲಿಗೆ ಸೇರಿದವನು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಮಾತು ಅನ್ನಕ್ಕೂ ಕೈ ಹಾಕುತ್ತದೆ.

‘ರಿಟ್ರೆಂಚ್‌ಮೆಂಟ್’ ಎಂಬ ಪದವನ್ನು ನೋಡಿ. ಅದೂ ಒರಟಾದ ಇಂಗ್ಲಿಷೇ. ಆದರೆ 1947ರ ಔದ್ಯೋಗಿಕ ವಿವಾದಗಳ ಕಾಯಿದೆಗೆ 1953ರಲ್ಲಿ ತಿದ್ದುಪಡಿ ತಂದಾಗ ಆ ಪದಕ್ಕೆ ಖಚಿತವಾದ ಅರ್ಥ ಬಂತು. ಅರ್ಥದ ಬೆನ್ನಿಗೆ ಹಣವೂ ಬಂತು. ಒಂದು ವರ್ಷ ಸತತವಾಗಿ ದುಡಿದ ಕೆಲಸಗಾರನನ್ನು ಕಡಿತದ ಹೆಸರಿನಲ್ಲಿ ತೆಗೆಯಬೇಕಾದರೆ ಕಾರಣ ತಿಳಿಸಿ ಒಂದು ತಿಂಗಳ ನೋಟೀಸು, ಇಲ್ಲವೆ ಆ ತಿಂಗಳ ಸಂಬಳ. ಜೊತೆಗೆ ದುಡಿದ ಒಂದೊಂದು ವರ್ಷಕ್ಕೂ 15 ದಿನಗಳ ಸರಾಸರಿ ಸಂಬಳ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಆ ಪದ ಉಳಿದಿದೆ.

‘ರೈಟ್‌ಸೈಜಿಂಗ್’ ಎಂಬುದರ ಬೆನ್ನಿಗೆ ಏನಿದೆ? ಒಂದು ನಗೆಮೊಗ, ಸಹಿ ಹಾಕಲು ಒಂದು ಕಾಗದ. ಆ ಕಾಗದ ಬಹುತೇಕ ರಾಜೀನಾಮೆಯದಾಗಿರುತ್ತದೆ. ತಾನಾಗಿಯೇ ರಾಜೀನಾಮೆ ಕೊಟ್ಟನೆಂದು ಬರೆಸಿಕೊಂಡ ಮೇಲೆ ಪರಿಹಾರ ಕೇಳುವುದೆಲ್ಲಿ? ಪದ ಮೆತ್ತಗಾದಷ್ಟೂ ಜೇಬು ಹಗುರಾಯಿತು.

ಕಚೇರಿಯ ಈ ಮುಸುಕನ್ನು ನಮ್ಮವರೇ ಒಬ್ಬರು ಬಹು ಹಿಂದೆ ಕಂಡಿದ್ದರು. ಹನೇಹಳ್ಳಿಯಿಂದ ಬಂದು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ಯನ್ನು ಕೊಟ್ಟರು. ಕೆಲಸದಿಂದ ಅಮಾನತಾದ ನಾಗಪ್ಪನನ್ನು ಬೇಟೆಯಾಡುವವರ ಕೈಯಲ್ಲಿ ಕೋವಿಯಿಲ್ಲ. ಇರುವುದು ಪತ್ರ, ಫೋನು, ಒಳ್ಳೆಯ ಮಾತು. ಆ ಕಾದಂಬರಿಯನ್ನು ಓದಿದವರಿಗೆ ಇಂದಿನ ಕಚೇರಿ ಹೊಸದೆನಿಸದು.

ಹಾಗಾದರೆ ಕನ್ನಡ ಏನು ಮಾಡಬಲ್ಲುದು? ನಮ್ಮ ಕ್ರಿಯಾಪದ ಸಾಮಾನ್ಯವಾಗಿ ಕರ್ತೃವನ್ನು ಬೆನ್ನಿಗೆ ಕಟ್ಟಿಕೊಂಡೇ ನಡೆಯುತ್ತದೆ: ತೆಗೆದೆ, ತೆಗೆದೆವು, ತೆಗೆದರು. ‘ಸಂಸ್ಥೆಯ ಪುನಾರಚನೆಯ ಅಂಗವಾಗಿ ರಿಸೋರ್ಸುಗಳ ಆಪ್ಟಿಮೈಸೇಷನ್’ ಎಂಬುದನ್ನು ಊರಿನಲ್ಲಿರುವ ತಾಯಿಗೆ ಹೇಳಿ ನೋಡಿ. “ಅಮ್ಮಾ, ನನ್ನನ್ನು ಕೆಲಸದಿಂದ ತೆಗೆದರು” ಎಂಬಷ್ಟೇ ಉಳಿಯುತ್ತದೆ. ಆಕೆ ಕೂಡಲೆ, “ಯಾರು ತೆಗೆದರು? ಯಾಕೆ?” ಎಂದು ಕೇಳುತ್ತಾಳೆ. ಇಡೀ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಇದರಿಂದ ನಾವು ಬೀಗುವ ಕಾರಣವೇನೂ ಇಲ್ಲ. ‘ಕ್ರಮ ಕೈಗೊಳ್ಳಲಾಗುವುದು’, ‘ತೀರ್ಮಾನಿಸಲಾಗಿದೆ’ ಎಂಬ ಕನ್ನಡವೂ ಉಂಟು. ಅದರಲ್ಲಿಯೂ ಯಾರು ಕೈಗೊಳ್ಳುವರೆಂಬುದು ದೇವರಿಗೇ ಗೊತ್ತು. ಭಾಷೆ ಯಾವುದಾದರೂ ಆಗಲಿ, ಕರ್ತೃವನ್ನು ಕದ್ದರೆ ಹೊಣೆಯನ್ನು ಕದ್ದಂತೆಯೇ. ಬ್ರಿಟನ್ನಿನಲ್ಲಿಯೂ ಸರಕಾರಿ ಬರಹದ ಈ ರೋಗ ನೋಡಿ, ಖಜಾನೆ ಇಲಾಖೆಯ ಕೋರಿಕೆಯಂತೆ ಅರ್ನೆಸ್ಟ್ ಗೋವರ್ಸ್ 1948ರಲ್ಲಿ ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕ ಬರೆಯಬೇಕಾಯಿತು.

ಕೊನೆಯದಾಗಿ ತರುಣರಿಗೆ ಒಂದು ಮಾತು. ಅರ್ಥವಾಗದ ಕಾಗದ ಕೈಗೆ ಬಂದರೆ ಆ ಕ್ಷಣವೇ ಸಹಿ ಹಾಕಬೇಡಿ. ಮನೆಗೆ ತಂದು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಒಮ್ಮೆ ಹೇಳಿಕೊಳ್ಳಿ. ಯಾರು ತೀರ್ಮಾನಿಸಿದರು, ಯಾವ ದಿನದಿಂದ, ನನಗೆ ಬರುವುದೆಷ್ಟು – ಈ ಮೂರಕ್ಕೆ ಉತ್ತರವನ್ನು ಬರಹದಲ್ಲಿ ಕೇಳಿ. ಬ್ಯಾಂಕು, ಕಾರ್ಖಾನೆಗಳ ಯೂನಿಯನ್ನುಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಈ ಊರಿನ ಕನ್ನಡ ಸಂಘಗಳಲ್ಲಿ ಇದ್ದಾರೆ. ಅಂಥವರು ಭಾನುವಾರ ಒಂದು ಗಂಟೆ ಕುಳಿತು ಕಿರಿಯರ ಕಾಗದಗಳನ್ನು ಓದಿ ತಿಳಿಸುವುದಾದರೆ, ಆ ಗಂಟೆಯೂ ಒಂದು ರಾಜ್ಯೋತ್ಸವವೇ ಸರಿ. ಕಾರ್ಯಕಾರಿ ಸಮಿತಿಯವರು ಈ ಸೂಚನೆಯನ್ನು ‘ಪರಿಶೀಲಿಸಲಾಗುವುದು’ ಎನ್ನದೆ, ‘ಮಾಡುತ್ತೇವೆ’ ಎನ್ನಬೇಕೆಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.